ಮಕ್ಕಳ ಮನದ ನೋವಿಗೆ ಈಮಾನಿನ ಕೊರತೆ ಕಾರಣವೇ?

ಹದಿನಾಲ್ಕರ ಬಾಲಕನೊಬ್ಬ ಊಟ ಬಿಟ್ಟು ಕೋಣೆ ಸೇರಿದರೆ, ಹದಿನಾರರ ಬಾಲಕಿ ಕಾರಣ ಹೇಳದೆ ಅಳತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ನಮಾಝ್ ಸರಿಯಾಗಿ ನಿರ್ವಹಿಸು, ಎಲ್ಲವೂ ಸರಿಹೋಗುತ್ತದೆ.’ ನಮಾಝ್ ಹೃದಯಕ್ಕೆ ನೆಮ್ಮದಿ ನೀಡುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಜ್ವರದಿಂದ ನಡುಗುವ ಮಗುವಿಗೆ ಇದಿಷ್ಟನ್ನೇ ಹೇಳಿ ನಾವು ಸುಮ್ಮನಾಗುವುದಿಲ್ಲ. ದುಆ ಮಾಡುತ್ತಲೇ ವೈದ್ಯರ ಬಳಿಗೆ ಓಡುತ್ತೇವೆ. ಪ್ರತಿಯೊಂದು ರೋಗಕ್ಕೂ ಶಮನವಿದೆಯೆಂದು ಪ್ರವಾದಿ(ಸ) ಕಲಿಸಿದಾಗ ಮನಸ್ಸಿನ ರೋಗವನ್ನು ಅದರಿಂದ ಹೊರಗಿಟ್ಟಿರಲಿಲ್ಲ. ಹೊರಗಿಟ್ಟವರು ನಾವು.

ದುಃಖವನ್ನು ಈಮಾನಿನ ದೌರ್ಬಲ್ಯವೆನ್ನುವವರು ಸೂರಃ ಯೂಸುಫ್ ಅನ್ನು ಮತ್ತೊಮ್ಮೆ ಓದಲಿ. ಮಗನ ಅಗಲಿಕೆಯ ಕೊರಗಿನಲ್ಲಿ ಪ್ರವಾದಿ ಯಅ್‌ಕೂಬ್(ಅ)ರವರ ಕಣ್ಣುಗಳು ಬೆಳ್ಳಗಾದವು. ಅವರ ಈಮಾನನ್ನು ಅಳೆಯುವ ಧೈರ್ಯ ಯಾರಿಗಿದೆ? ಇನ್ನು ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿ(ಸ) ಆ ಬಾಲಕನ ಬಾಡಿದ ಮುಖವನ್ನು ಗಮನಿಸಿದರು, ಕಾರಣ ವಿಚಾರಿಸಿದರು, ಅವನನ್ನು ಪ್ರೀತಿಯಿಂದ ಮಾತನಾಡಿಸಿ ಹಕ್ಕಿಯ ಸುದ್ದಿ ಕೇಳಿದರು. ಒಂದು ಸಮುದಾಯದ ಹೊಣೆ ಹೊತ್ತವರಿಗೆ ಒಂದು ಗುಬ್ಬಿಗಾತ್ರದ ಹಕ್ಕಿಗಾಗಿ ಸಮಯವಿತ್ತು. ಮಗನ ಅಂಕಪಟ್ಟಿಯನ್ನು ಮಾತ್ರ ನೋಡುವ ತಂದೆಯರಿಗೆ, ಗಲ್ಫ್‌ನಿಂದ ಕರೆ ಮಾಡಿ ‘ಓದುತ್ತಿದ್ದೀಯಾ?’ ಎಂಬ ಒಂದೇ ಪ್ರಶ್ನೆ ಕೇಳುವವರಿಗೆ ಆ ಸಮಯವಿಲ್ಲವೇ?

ಕೆಲವೊಮ್ಮೆ ರೋಗವೇ ಭಕ್ತಿಯ ವೇಷದಲ್ಲಿ ಬರುತ್ತದೆ. ಹುಡುಗನೊಬ್ಬ ಅರ್ಧ ಗಂಟೆ ವುಝೂ ಮಾಡುತ್ತಾನೆ, ಒಂದೇ ನಮಾಝನ್ನು ನಾಲ್ಕು ಬಾರಿ ಪುನರಾವರ್ತಿಸುತ್ತಾನೆ, ಕೈ ತೊಳೆದು ತೊಳೆದು ಚರ್ಮ ಬಿರಿದಿದೆ. ಮನೆಯವರು ಮೊದಲು ಹೆಮ್ಮೆಪಡುತ್ತಾರೆ, ಆಮೇಲೆ ಗದರುತ್ತಾರೆ. ಇದು ಗೀಳು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅದನ್ನು ಜಿನ್ನ್ ಬಾಧೆಯೆಂದು ಕರೆದು ಸಾವಿರಾರು ರೂಪಾಯಿ ವಸೂಲಿ ಮಾಡುವವರಿಗೆ ಮಾತ್ರ ನಮ್ಮಲ್ಲಿ ಕೊರತೆಯಿಲ್ಲ. ಹತ್ತನೇ ಶತಮಾನದಲ್ಲೇ ತೀರಿಹೋದ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ಕೋಪ, ಭಯ, ದುಃಖಗಳ ಜೊತೆ ವಸ್‌ವಾಸನ್ನೂ ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ತುರ್ತಿಗೆಂದು ಮನೆಯಲ್ಲಿ ಮದ್ದು ಇಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಲ್ಲಿರುವಾಗಲೇ ಕಷ್ಟಕಾಲಕ್ಕೆ ಬೇಕಾದ ಆಲೋಚನೆಗಳನ್ನು ಕೂಡಿಡಬೇಕೆಂದು ಅವರು ಸಲಹೆ ನೀಡಿದ್ದರು. ಸಾವಿರ ವರ್ಷಗಳ ಹಿಂದಿನ ಮುಸ್ಲಿಮ್ ವಿದ್ವಾಂಸರಿಗೆ ತಿಳಿದಿದ್ದ ವಿಷಯ ನಮಗೆ ಪಾಶ್ಚಾತ್ಯರ ಹುಚ್ಚಾಗಿ ಕಾಣುತ್ತಿರುವುದು ವಿಪರ್ಯಾಸ.

ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 18ನೇ ವಯಸ್ಸಿನೊಳಗೇ ಆರಂಭವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವಾದರೋ ಹುಡುಗಿಯ ವಿಷಯದಲ್ಲಿ ‘ನಾಳೆ ಸಂಬಂಧ ಬರುವುದಿಲ್ಲ’ ಎಂದು ಮುಚ್ಚಿಡುತ್ತೇವೆ. ಬಳಿಕ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಅವಳನ್ನು ದಾಟಿಸುತ್ತೇವೆ. ಚಿಕಿತ್ಸೆ ಸಿಗದ ಖಿನ್ನತೆ ಅವಳೊಂದಿಗೇ ಗಂಡನ ಮನೆಗೆ ಹೋಗುತ್ತದೆ, ಹೆರಿಗೆಯ ನಂತರ ಇಮ್ಮಡಿಯಾಗಿ ಮರಳಲೂಬಹುದು. ಇದರಿಂದ ಯಾರ ಮರ್ಯಾದೆ ಉಳಿಯಿತು?

ಇನ್ನೂ ಕಠಿಣವಾದ ಮಾತೊಂದಿದೆ. ‘ಬದುಕುವುದೇ ಬೇಡವೆನಿಸುತ್ತದೆ’ ಎಂದು ಮಗು ಬಾಯಿಬಿಟ್ಟಾಗ ‘ಅಸ್ತಗ್ಫಿರುಲ್ಲಾಹ್, ಅದು ಹರಾಮ್’ ಎಂದು ಅದರ ಬಾಯಿ ಮುಚ್ಚಿಸಲಾಗುತ್ತದೆ. ಹರಾಮ್ ಎಂಬುದು ಆ ಮಗುವಿಗೂ ಗೊತ್ತು. ಗೊತ್ತಿರುವುದರಿಂದಲೇ ಹೇಳಲು ಅಷ್ಟು ದಿನ ಹೆದರಿತ್ತು. ಗದರಿದರೆ ಅದು ಎರಡನೇ ಬಾರಿ ಹೇಳುವುದಿಲ್ಲ. ಆ ಕ್ಷಣ ಪಕ್ಕದಲ್ಲಿ ಕೂತು ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬಾರದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಬೆಂಗಳೂರಿನ ನಿಮ್ಹಾನ್ಸ್ ದೂರವೆನ್ನುವವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲೇ ಮಾತನಾಡಬಹುದು. ಝಕಾತ್, ಚಂದಾ, ಉರೂಸ್‌ಗಳ ಪ್ರಕಟಣೆಗೆ ಜಾಗವಿರುವ ಮಸೀದಿಯ ಸೂಚನಾ ಫಲಕದಲ್ಲಿ ಈ ಐದು ಅಂಕಿಗಳಿಗೂ ಜಾಗವಿರಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದ ಜುಮಾ ಖುತ್ಬಾದಲ್ಲಿ, ಸನ್ಮಾನಿತರ ಹೆಸರು ಓದುವ ಮೊದಲು, ಅನುತ್ತೀರ್ಣರಾದ ಮಕ್ಕಳ ತಂದೆಯರನ್ನು ಉದ್ದೇಶಿಸಿ ಖತೀಬರು ಎರಡು ಮಾತು ಹೇಳಲಿ. ಜಮಾಅತ್ ಕಮಿಟಿಗಳು ಇದನ್ನು ಮುಂದಿನ ಸಭೆಯಲ್ಲೇ ತೀರ್ಮಾನಿಸಬೇಕೆಂದು ನಾವು ಆಗ್ರಹಿಸುತ್ತೇವೆ.