ಇಬ್ಬರೇ ಹೋದ್ರೆ ಏನ್ರೀ ತಪ್ಪು?

ಎರಡು ದಿನ ಮೈಸೂರಿಗೆ ಹೋಗ್ತೀವಿ, ಒಳ್ಳೆ ರೂಮು ಗೊತ್ತಾ ಅಂತ ಆಫೀಸಿನ ಹಿರಿಯರೊಬ್ಬರನ್ನ ಕೇಳಿದೆ. "ಇಬ್ಬರೇನಾ? ಅದರ ಬದಲು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ಹೊತ್ಕೊಳ್ಳಿ" ಅಂದ್ರು!

ಅಲ್ಲ ಸ್ವಾಮಿ, ನಾನು ಕೇಳಿದ್ದು ರೂಮು...

ಇನ್ನೊಬ್ಬರದು ಉದ್ದದ ಪಟ್ಟಿ: ಝೂ, ಕೆಆರ್‌ಎಸ್, ಶ್ರೀರಂಗಪಟ್ಟಣ. ಅದು ಮಕ್ಕಳನ್ನ ಕಟ್ಕೊಂಡು ಓಡೋರಿಗೆ. ನಮಗೆ ಶನಿವಾರ ಸಂಜೆ ದೇವರಾಜ ಮಾರುಕಟ್ಟೆ ಸಾಕು. ಅವಳಿಗೆ ಮಲ್ಲಿಗೆ, ನನಗೆ ವೀಳ್ಯದೆಲೆ. ಭಾನುವಾರ ಬಿಸಿಲೇರೋ ಮುಂಚೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು, ನಂದಿ ಹತ್ರ ಸುಸ್ತಾಗಿ ಕೂರೋದು (ಸಾವಿರ ಮೆಟ್ಟಿಲು ಸ್ವಾಮಿ, ತಮಾಷೆಯಲ್ಲ). ಸಂಜೆ ಏಳಕ್ಕೆ ಅರಮನೆಗೆ ದೀಪ ಹತ್ತೋದನ್ನ ನೋಡಿ ವಾಪಸ್.

ಹನ್ನೆರಡು ವರ್ಷ ಡಾಕ್ಟರು, ದೇವಸ್ಥಾನ ಅಂತಲೇ ಊರೂರು ಸುತ್ತಿದ್ದೀವಿ. ಈ ಎರಡು ದಿನ ನಮ್ಮದು. ರೂಮು ಗೊತ್ತಿದ್ರೆ ಹೇಳಿ, ಹರಕೆ ಬೇಡ.