ಕೈಗುಣ ಅಲ್ಲ ಸ್ವಾಮಿ, ಸಾಣೆ!

ಮರದ ಲೇತ್ ಮೇಲೆ ಹೂದಾನಿ ಕಡೆಯೋಕೆ ಹೊರಟವರೆಲ್ಲ ಒಂದೇ ಜಾಗದಲ್ಲಿ ಮುಗ್ಗರಿಸ್ತಾರೆ. ಹೊರಮೈ ಚೆನ್ನಾಗೇ ಬರುತ್ತೆ. ಒಳಗೆ ಟೊಳ್ಳು ಮಾಡೋಕೆ ಅಂತ ಉಳಿ ತೂರಿಸಿದ್ರೋ, ಗಡಗಡ ಸದ್ದು, ಕೈಯೆಲ್ಲ ಅದುರು, ಚಕ್ಕೆ ಬದಲು ಬರೀ ಪುಡಿ. ಆಗ ಪಕ್ಕದಲ್ಲಿ ನಿಂತವರೊಬ್ಬರು ಗಂಭೀರವಾಗಿ ಹೇಳ್ತಾರೆ, "ಅದಕ್ಕೆಲ್ಲ ಕೈಗುಣ ಬೇಕು ಕಣ್ರೀ."

ಈ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ.

ಪುಣೆಯ ಒಂದು ವರ್ಕ್‌ಶಾಪಿನಲ್ಲಿ ಕಲಿಯೋಕೆ ಸೇರಿದಾಗ ನನಗೂ ಇದನ್ನೇ ಹೇಳಿದ್ರು. ಎರಡು ವರ್ಷ ನಂಬಿದ್ದೆ. ಒಂದು ದಿನ ಮಾವಿನ ಮರದ ಹೂದಾನಿಯೊಳಗೆ ಉಳಿ ಸಿಕ್ಕಿಕೊಂಡು, ಹೂದಾನಿ ಸೀಳಿ, ಚೂರು ಬಂದು ಮುಖದ ಶೀಲ್ಡಿಗೆ ಬಡೀತು. ಶೀಲ್ಡ್ ಇಲ್ಲದಿದ್ರೆ ಕಣ್ಣೇ ಹೋಗ್ತಿತ್ತು. ನನ್ನ ಜೊತೆ ಕಲೀತಿದ್ದ ಹುಡುಗ "ನನ್ನ ಕೈಗೆ ಇದು ಹತ್ತಲ್ಲ ಸಾರ್" ಅಂತ ಬಿಟ್ಟೇಬಿಟ್ಟ. ಅವನ ಕೈಯಲ್ಲಿ ಏನೂ ದೋಷ ಇರಲಿಲ್ಲ. ಅಲ್ಲಿದ್ದ ಉಳಿಗೆ ತಿಂಗಳಿಂದ ಯಾರೂ ಸಾಣೆ ಹಿಡಿದಿರಲಿಲ್ಲ, ಅಷ್ಟೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗ್ತೀರಾ? ನಗಿ. ಆದ್ರೆ ನೆಲ ನಿಜವಾಗ್ಲೂ ಡೊಂಕಾಗಿದ್ರೆ?

ಲೆಕ್ಕ ನೋಡಿ. ಉಳಿ ಟೂಲ್ ರೆಸ್ಟಿನಿಂದ ಆಚೆ ಚಾಚೋ ಉದ್ದ 2 ಪಟ್ಟಾದ್ರೆ, ಅಷ್ಟೇ ಒತ್ತಡಕ್ಕೆ ತುದಿ 8 ಪಟ್ಟು ಬಾಗುತ್ತೆ. ದುಂಡು ಸರಳಿನ ದಪ್ಪ 2 ಪಟ್ಟು ಮಾಡಿದ್ರೆ ಬಾಗೋದು 16ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಇನ್ನು ಬಾಯಿ ಮೊಂಡಾಗಿದ್ರೆ ಜಾಸ್ತಿ ಒತ್ತಬೇಕು. ಒತ್ತಿದಷ್ಟೂ ಬಾಗುತ್ತೆ, ಬಾಗಿದ್ದು ಚಿಮ್ಮುತ್ತೆ. ಆ ಗಡಗಡ ಸದ್ದು ಅದೇ. ಇದ್ರಲ್ಲಿ ಕೈಗುಣ ಎಲ್ಲಿಂದ ಬಂತು?

ಒಳಗೆ ಕೊರೆಯೋ ಉಳಿಗಳಲ್ಲಿ ಹೆಚ್ಚಿನವು ಕೆರೆಯೋ ಜಾತಿಯವು. ಸಾಣೆ ಹಿಡಿದಾಗ ಅಂಚಿನಲ್ಲಿ ಏಳೋ, ಉಗುರಿಗೆ ಮಾತ್ರ ಸಿಗೋ ಸಣ್ಣ ತರಿಯೇ ಇವುಗಳಲ್ಲಿ ಕತ್ತರಿಸೋ ಕೆಲಸ ಮಾಡೋದು. ಗಟ್ಟಿ ಮರದಲ್ಲಿ ಅದು ಕೆಲವೇ ನಿಮಿಷ ಬಾಳುತ್ತೆ. ಅಂದ್ರೆ ಒಂದು ಹೂದಾನಿಗೆ ಹತ್ತು ಸಲ ಸಾಣೆಗೆ ಹೋದ್ರೂ ಅವಮಾನವಲ್ಲ!

"ಹಾಗಾದ್ರೆ ಕಾರ್ಬೈಡ್ ತಗೋತೀನಿ" ಅನ್ನೋ ದುಡ್ಡಿನವರ ಗುಂಪು ಇನ್ನೊಂದಿದೆ. ತಗೊಳ್ಳಿ, ನನ್ನ ಹತ್ರಾನೂ ಇದೆ. ಆದ್ರೆ ಅದಕ್ಕೂ ಮೊಂಡಾಗೋ ಹಣೆಬರಹ ತಪ್ಪಲ್ಲ, ನಿಧಾನ ಅಷ್ಟೆ. ದುಂಡು ಬಿಲ್ಲೆಯನ್ನ ಸ್ವಲ್ಪ ತಿರುಗಿಸಿ ಹೊಸ ಅಂಚು ತರಬೇಕು ಅನ್ನೋದನ್ನೂ ಮರೆತು, ಕಿತ್ತುಬಂದ ಎಳೆಗಳನ್ನ ಮುಚ್ಚೋಕೆ ದಿನವಿಡೀ ಉಪ್ಪುಕಾಗದ ಉಜ್ಜೋರನ್ನ ನೋಡಿದ್ದೀನಿ. ದುಡ್ಡು ಕೊಟ್ಟು ತಂದ ಸೋಮಾರಿತನ ಅದು.

ತುದಿ ಎಲ್ಲಿರಬೇಕು ಅನ್ನೋದನ್ನೂ ನನಗೆ ಯಾರೂ ಹೇಳಿರಲಿಲ್ಲ. ಒಳಗೆ ಕೆರೆಯುವಾಗ ತುದಿ ನಡುಮಟ್ಟದಲ್ಲಿ, ಇಲ್ಲವೇ ಕೂದಲೆಳೆಯಷ್ಟು ಮೇಲೆ ಇರಬೇಕು. ಆಗ ಅದು ಕೆಳಗೆ ಬಾಗಿದ್ರೂ ಖಾಲಿ ಜಾಗಕ್ಕೆ ಜಾರುತ್ತೆ. ನಡುಮಟ್ಟಕ್ಕಿಂತ ಕೆಳಗಿದ್ರೆ ಗೋಡೆಯೊಳಕ್ಕೇ ನುಗ್ಗುತ್ತೆ. ನನ್ನ ಹೂದಾನಿ ಸೀಳಿದ್ದು ಹೀಗೇ. ಮರದ ಎಳೆ ಹೂದಾನಿಯ ಉದ್ದಕ್ಕೆ ಇದ್ರೆ ನಡುವಿನಿಂದ ಹೊರಗಡೆಗೆ ಕೊರೀಬೇಕು. ಎಳೆ ಅಡ್ಡ ಇರೋ ಬಟ್ಟಲಿಗಾದ್ರೆ ಅಂಚಿನಿಂದ ನಡುವಿಗೆ. ಇಷ್ಟು ಹೇಳೋಕೆ ಐದು ನಿಮಿಷ ಸಾಕು. ಹೇಳದೆ "ಕೈಗುಣ" ಅಂದುಬಿಟ್ರೆ ಕಲಿಸೋನ ತಪ್ಪೆಲ್ಲ ಕಲಿಯೋನ ತಲೆಗೆ.

ಇನ್ನೊಂದು ಮಾತು. ಚನ್ನಪಟ್ಟಣದವರ ಕೆಲಸ ನೋಡಿ "ಅದು ಅವರ ರಕ್ತದಲ್ಲೇ ಬಂದಿದ್ದು" ಅಂತ ಹೊಗಳ್ತೀವಿ. ಅಲ್ಲಿ ಒಬ್ಬ ಹಿರಿಯರು ಆಲೆ ಮರದಲ್ಲಿ ಕುಂಕುಮದ ಭರಣಿ ಕೊರೆಯೋದನ್ನ ಅರ್ಧ ದಿನ ಕೂತು ನೋಡಿದ್ದೀನಿ. ಆಲೆ ಮೆತ್ತನೆ ಮರ. ಆದ್ರೂ ಅವರು ಆಗಾಗ ಎದ್ದು ಸಾಣೆಗೆ ಹೋಗಿ ಬರ್ತಿದ್ರು. ಅಷ್ಟು ಸಲ ಎದ್ದು ಕೂತ ಮಂಡಿನೋವಿಗೆ ನಾವು ಕೈಗುಣ ಅಂತ ಹೆಸರಿಟ್ಟು ಕೈತೊಳ್ಕೊಳ್ತೀವಿ.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸಿಕ್ಕಿದ್ರೆ ಮೊದಲು ಅವನ ಕೈಗೆ ಸಾಣೆ ಹಿಡಿದ ಉಳಿ ಕೊಡ್ತೀನಿ. ಆಮೇಲೆ ಕೈಗುಣದ ಮಾತು.