ರಾಜ್ಯಮಾತೆಗೆ ಸಂಶೋಧಕರು ಬೇಡವೇ?

ಮಹಾರಾಷ್ಟ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ದೇಸಿ ಹಸುವಿಗೆ ‘ರಾಜ್ಯಮಾತಾ-ಗೋಮಾತಾ’ ಎಂಬ ಪದವಿ ಕೊಟ್ಟಿತು. ವಿಧಾನಸಭೆ ಚುನಾವಣೆಗೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ. ಗೋಶಾಲೆಯಲ್ಲಿರುವ ಪ್ರತಿ ದೇಸಿ ಹಸುವಿಗೆ ದಿನಕ್ಕೆ 50 ರೂಪಾಯಿ ಸಹಾಯಧನವನ್ನೂ ಪ್ರಕಟಿಸಿತು. ಇಷ್ಟಾದರೆ ದೇಸಿ ತಳಿ ಉಳಿದಂತೆಯೇ, ಇನ್ನೇನು ಬೇಕು ಎಂದು ಕೇಳುವವರು ಬದಲಾಪುರದಿಂದ ನವಿ ಮುಂಬೈವರೆಗೆ ನಮ್ಮ ಕನ್ನಡಿಗರ ನಡುವೆಯೂ ಇದ್ದಾರೆ. ಇನ್ನೂ ಬೇಕಾದದ್ದು ಬಹಳವಿದೆ. ಆ ಹಸುವಿನ ರಕ್ತ, ಹಾಲು, ಗರ್ಭ, ರೋಗ, ವಂಶಾವಳಿಗಳನ್ನು ವರ್ಷಗಟ್ಟಲೆ ಕೂತು ಅಭ್ಯಾಸ ಮಾಡುವ ಪಶುವೈದ್ಯ ಸಂಶೋಧಕರು ಬೇಕು. ಘೋಷಣೆಯಲ್ಲಿ ಅವರ ಸುಳಿವೇ ಇಲ್ಲ. ಪೂಜೆಗೆ ಹಣ ಕೊಟ್ಟು ಅಧ್ಯಯನವನ್ನು ಮರೆತ ಸರ್ಕಾರ ಹಸುವಿನ ಹೆಸರನ್ನು ಬಳಸಿಕೊಂಡಿದೆ, ಅಷ್ಟೇ.

ಸರ್ಕಾರ ತನ್ನ ನಿರ್ಧಾರಕ್ಕೆ ಕೊಟ್ಟ ಕಾರಣವನ್ನೇ ನೋಡೋಣ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಉಳಿದ ದೇಸಿ ದನಗಳು 46,13,632. ಹಿಂದಿನ ಗಣತಿಗಿಂತ ಶೇ. 20.69 ಕಡಿಮೆ. ಹಿಂದಿನ ಗಣತಿ ನಡೆದದ್ದು 2012ರಲ್ಲಿ. ಈ ಎರಡರ ನಡುವೆ, 2015ರಲ್ಲಿ, ಎತ್ತು-ಹೋರಿಗಳ ವಧೆಯನ್ನೂ ನಿಷೇಧಿಸಿದ ಕಾಯ್ದೆ ಬಂತು. ಕಾಯ್ದೆ ಬಂದರೂ ಐದರಲ್ಲೊಂದು ಭಾಗ ಕರಗಿತು. ಏಕೆ ಕರಗಿತು? ಟ್ರ್ಯಾಕ್ಟರ್ ಬಂದು ಎತ್ತು ಬೇಡವಾದದ್ದರಿಂದ ಎಷ್ಟು, ಗಾಯರಾನ ಎಂಬ ಗೋಮಾಳಗಳು ಲೇಔಟ್ ಆದದ್ದರಿಂದ ಎಷ್ಟು, ಮಿಶ್ರತಳಿಯ ವೀರ್ಯ ಎಲ್ಲೆಡೆ ಹರಡಿದ್ದರಿಂದ ಎಷ್ಟು, ಗರ್ಭ ಕಟ್ಟದ ರೋಗಗಳಿಂದ ಎಷ್ಟು? ನಮ್ಮ ಠಾಣೆ ಜಿಲ್ಲೆಯನ್ನೇ ನೋಡಿ: ಬದಲಾಪುರದ ಬೆನ್ನಿಗಿರುವ ಮುರ್ಬಾಡ್, ಶಹಾಪುರ ತಾಲ್ಲೂಕುಗಳು ಡಾಂಗಿ ತಳಿಯ ಸೀಮೆ. ಸಹ್ಯಾದ್ರಿಯ ಜಡಿಮಳೆಯಲ್ಲಿ ಭತ್ತದ ಗದ್ದೆ ಉಳುವ ದನ ಅದು. ಅದರ ಚರ್ಮ ಎಣ್ಣೆಯಂಥ ದ್ರವ ಸ್ರವಿಸಿ ಮಳೆನೀರನ್ನು ತಡೆಯುತ್ತದೆ. ಮ್ಹಸಾ ಜಾತ್ರೆಯ ದನದ ಪೇಟೆಗೆ ಹೋಗುವ ರೈತರಿಗೆ ಅದರ ಗುಣ ಗೊತ್ತು. ಆ ಗುಣ ಯಾವ ವಂಶವಾಹಿಯಿಂದ ಬರುತ್ತದೆ, ಮಿಶ್ರಣವಾದಾಗ ಎಷ್ಟು ತಲೆಮಾರಿಗೆ ಕಳೆದುಹೋಗುತ್ತದೆ ಎಂಬುದನ್ನು ಜಾತ್ರೆಯಲ್ಲಿ ಕಣ್ಣಳತೆಯಿಂದ ಹೇಳಲಾಗದು. ಅದು ಒಬ್ಬ ಎಂ.ವಿ.ಎಸ್ಸಿ. ವಿದ್ಯಾರ್ಥಿಯ ಎರಡು ವರ್ಷದ ಕೆಲಸ, ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಮುಂದಿನ ಮೂರು ವರ್ಷದ ಕೆಲಸ.

ಆ ವಿದ್ಯಾರ್ಥಿಗೆ ನಾವು ಕೊಡುವುದೇನು? ಐದೂವರೆ ವರ್ಷ ಓದಿ ಪಶುವೈದ್ಯ ಪದವಿ ಪಡೆದು, ಅಖಿಲ ಭಾರತ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಗಳಿಸಿದವರಲ್ಲಿ ಕೆಲವರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸ್ನಾತಕೋತ್ತರ ಶಿಷ್ಯವೇತನ ತಿಂಗಳಿಗೆ 12,640 ರೂಪಾಯಿ. ಅದು ಸಿಗದೆ, ಅದೇ ಪರೀಕ್ಷೆಯ ಮೂಲಕ ಪರರಾಜ್ಯದ ಕಾಲೇಜಿಗೆ ಹೋದವರಿಗೆ 5,000. ಈಗ ಲೆಕ್ಕ ಹಾಕಿ. ನೂರು ಹಸುಗಳ ಒಂದು ಗೋಶಾಲೆಗೆ ದಿನಕ್ಕೆ ಐವತ್ತರಂತೆ ವರ್ಷಕ್ಕೆ 18,25,000 ರೂಪಾಯಿ. ಅದೇ ಹಣದಲ್ಲಿ ಹನ್ನೆರಡು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 12,640ರಂತೆ ಇಡೀ ವರ್ಷ ಶಿಷ್ಯವೇತನ ಕೊಡಬಹುದು. ಒಂದೇ ಒಂದು ಗೋಶಾಲೆಯ ಹಣ, ಹನ್ನೆರಡು ಸಂಶೋಧಕರು! ಗೋಶಾಲೆಯ ಹಣ ರಾಜ್ಯದ್ದು, ಶಿಷ್ಯವೇತನ ಕೇಂದ್ರದ್ದು ಎಂದು ತಾಂತ್ರಿಕ ಉತ್ತರ ಕೊಡುವವರಿಗೆ ನನ್ನ ಪ್ರಶ್ನೆ: ಹಸು ರಾಜ್ಯದ ಮಾತೆಯಾದ ಮೇಲೆ ಅವಳ ಸಂಶೋಧನೆ ಮಾತ್ರ ದಿಲ್ಲಿಯ ಹೊಣೆ ಹೇಗಾಯಿತು? ಗೋಶಾಲೆಯ ಒಂದು ರೂಪಾಯಿಯನ್ನೂ ಕಸಿಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಗೋಶಾಲೆ ಮುದಿ ದನಕ್ಕೆ, ಬೀದಿ ದನಕ್ಕೆ ನೆರಳು. ತಳಿ ಉಳಿಯಬೇಕಾದರೆ ಒಳ್ಳೆಯ ಹೋರಿಯನ್ನು ಆರಿಸಬೇಕು, ದಾಖಲೆ ಇಡಬೇಕು, ಕರು ಹುಟ್ಟಬೇಕು. ನೆರಳು ಕೊಟ್ಟ ಮಾತ್ರಕ್ಕೆ ಇದ್ಯಾವುದೂ ಆಗುವುದಿಲ್ಲ.

ರಾಜ್ಯಮಾತೆಯ ಘೋಷಣೆಯಾದ ಐದೇ ದಿನಕ್ಕೆ, ಅಕ್ಟೋಬರ್ 5ರಂದು, ಇದೇ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ‘ಗೌಚಿಪ್’ ಬಿಡುಗಡೆ ಮಾಡಿದರು. ದೇಸಿ ದನಗಳ ವಂಶವಾಹಿಯನ್ನು ಪರೀಕ್ಷಿಸಿ, ಉತ್ತಮ ಹೋರಿಯನ್ನು ಎಳೆಯದರಲ್ಲೇ ಗುರುತಿಸಲು ಆಗುವಂಥ ಸಾಧನ. ಒಳ್ಳೆಯದೇ. ಆದರೆ ಚಿಪ್ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ಹಸು ಎಷ್ಟು ಹಾಲು ಕೊಟ್ಟಿತು, ಎಷ್ಟು ಸಲ ಕರು ಹಾಕಿತು, ಯಾವ ರೋಗ ತಡೆದುಕೊಂಡಿತು ಎಂಬ ದಾಖಲೆಯನ್ನು ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡವರಿದ್ದರೆ ಮಾತ್ರ ಅದರ ಅಂಕಿಗಳಿಗೆ ಅರ್ಥ. ನಮ್ಮ ಕರಾವಳಿಯ ಸಣ್ಣ ಮೈಕಟ್ಟಿನ ದನ ಎಷ್ಟೋ ಕಾಲ ಹೆಸರಿಲ್ಲದ ದನವಾಗಿತ್ತು. ಅದನ್ನು ಅಳೆದು, ತೂಗಿ, ವಿವರ ಸಲ್ಲಿಸಿದ ಮೇಲೆಯೇ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ‘ಕೊಂಕಣ ಕಪಿಲಾ’ ಎಂದು ತಳಿಪಟ್ಟಿಗೆ ಸೇರಿಸಿದ್ದು. ಆ ದನಕ್ಕೆ ಹೆಸರು ಬಂದದ್ದು ಅಳತೆಪಟ್ಟಿ ಹಿಡಿದವರ ದುಡಿಮೆಯಿಂದ.

ಹಳ್ಳಿಯಲ್ಲಿ ದನಕ್ಕೆ ಸೂಜಿ ಹಾಕಲು ಡಾಕ್ಟರಿಲ್ಲ, ಇವರಿಗೆ ಸಂಶೋಧನೆ ಬೇಕಂತೆ ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುವ ಈ ಮಾತೇ ಅತ್ಯಂತ ಹಾನಿಕರವಾದದ್ದು. ಡಾಕ್ಟರು ಹಾಕುವ ಸೂಜಿಯೊಳಗಿನ ಔಷಧಿ ಎಲ್ಲಿಂದ ಬಂತು? ಹಿಂಡು ಹಿಂಡನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡರೋಗ (ರಿಂಡರ್‌ಪೆಸ್ಟ್) ಇಂದು ಭೂಮಿಯ ಮೇಲೆಯೇ ಇಲ್ಲ. 2011ರಲ್ಲಿ ಜಗತ್ತು ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆ ಹೋರಾಟದಲ್ಲಿ ಭಾರತದ ಪಾಲು ಆರಂಭವಾದದ್ದು ದೂರದಲ್ಲೆಲ್ಲೋ ಅಲ್ಲ, 1889ರಲ್ಲಿ ಪುಣೆಯಲ್ಲಿ ತೆರೆದ ಪ್ರಯೋಗಾಲಯದಲ್ಲಿ. ಅದೇ ಮುಂದೆ ಮುಕ್ತೇಶ್ವರಕ್ಕೆ ಹೋಗಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಚರ್ಮಗಂಟು ರೋಗ 2019ರಲ್ಲಿ ದೇಶಕ್ಕೆ ಕಾಲಿಟ್ಟಿತು. ನಮ್ಮದೇ ಲಸಿಕೆಯ ತಂತ್ರಜ್ಞಾನ ಪ್ರಕಟವಾದದ್ದು 2022ರ ಆಗಸ್ಟ್‌ನಲ್ಲಿ. ಕರ್ನಾಟಕದ ಮಾಲೂರಿನ ಕಂಪನಿಗೆ ತಯಾರಿಕೆಯ ಪರವಾನಗಿ ಸಿಕ್ಕಿದ್ದು 2025ರಲ್ಲಿ. ಈ ನಡುವೆ ಮೇಕೆ ಸಿಡುಬಿನ ಲಸಿಕೆ ಹಾಕಿ ದಿನ ದೂಡಿದೆವು, ಸತ್ತ ದನಗಳನ್ನು ಮಣ್ಣು ಮಾಡಿದೆವು. ರಣಹದ್ದುಗಳ ಕಥೆಯೂ ಹೀಗೆಯೇ. ದನಕ್ಕೆ ಕೊಟ್ಟ ನೋವಿನ ಔಷಧಿ ಡೈಕ್ಲೊಫಿನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತಿದೆ ಎಂದು 2004ರಲ್ಲಿ ತೋರಿಸಿಕೊಟ್ಟದ್ದು ಪಾಕಿಸ್ತಾನದಲ್ಲಿ ಶವಪರೀಕ್ಷೆ ನಡೆಸಿದ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು. ಅಷ್ಟರಲ್ಲಿ ನಮ್ಮ ಆಕಾಶ ಬಹುಪಾಲು ಬರಿದಾಗಿತ್ತು. ರೋಗ ನಮ್ಮ ಬಾಗಿಲಿಗೇ ಬಂದದ್ದೂ ಇದೆ: 2022ರ ಫೆಬ್ರವರಿಯಲ್ಲಿ ಶಹಾಪುರ ತಾಲ್ಲೂಕಿನ ವೆಹಳೋಲಿಯಲ್ಲಿ ಕೋಳಿಗಳು ಸತ್ತವು, ಹಕ್ಕಿಜ್ವರ ಎಂದು ಖಚಿತವಾದ ಮೇಲೆ ಸುತ್ತಲಿನ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ಊರೂರಿಗೆ ಡಾಕ್ಟರನ್ನು ಕೊಡಿ, ಖಾಲಿ ಹುದ್ದೆಗಳನ್ನೆಲ್ಲ ತುಂಬಿ. ಆದರೆ ಹೊಸ ರೋಗ ಬಂದಾಗ ಆ ಡಾಕ್ಟರ ಕೈಗೆ ಏನು ಕೊಡುತ್ತೀರಿ?

ಮಹಾರಾಷ್ಟ್ರ-ಕರ್ನಾಟಕ ಗಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ದೇವಣಿ ತಳಿಯ ಹೆಸರು ಲಾತೂರು ಜಿಲ್ಲೆಯ ಊರಿನದು, ದನ ಬೀದರಿನಲ್ಲೂ ಇದೆ. ಖಿಲಾರಿ ಸೊಲ್ಲಾಪುರದ್ದೂ ಹೌದು, ವಿಜಯಪುರದ್ದೂ ಹೌದು. ಉದಗೀರದಲ್ಲಿ ಮಹಾರಾಷ್ಟ್ರದ ಪಶುವೈದ್ಯ ಕಾಲೇಜು, ಒಂದೆರಡು ಗಂಟೆಯ ದಾರಿಯಲ್ಲಿ ಬೀದರಿನಲ್ಲಿ ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯ. ಒಂದೇ ತಳಿ, ಎರಡು ವಿಶ್ವವಿದ್ಯಾಲಯ. ಎರಡೂ ಕಡೆಯ ವಿದ್ಯಾರ್ಥಿಗಳು ಒಂದೇ ಹಿಂಡಿನ ಮೇಲೆ, ಒಂದೇ ದಾಖಲೆಪುಸ್ತಕ ಇಟ್ಟುಕೊಂಡು ಪ್ರಬಂಧ ಬರೆಯುವ ವ್ಯವಸ್ಥೆಯನ್ನು ಯಾವ ಮುಖ್ಯಮಂತ್ರಿಯೂ ಪ್ರತಿಷ್ಠೆಯ ವಿಷಯ ಮಾಡಿಕೊಂಡಿಲ್ಲ. ಬೆಳಗಾವಿಗಾಗಿ ಬಸ್ಸಿಗೆ ಮಸಿ ಬಳಿಯುವ ಎರಡೂ ಕಡೆಯ ವೀರರಿಗೆ ಗಡಿ ಗೊತ್ತು, ಗಡಿಯ ದನ ಗೊತ್ತಿಲ್ಲ. ಮುಂಬೈ ಸುತ್ತಲಿನ ಕನ್ನಡ ಸಂಘಗಳ ಮೇಲೂ ನನಗೆ ಸಿಟ್ಟಿದೆ. ಪ್ರತಿಭಾ ಪುರಸ್ಕಾರದ ವೇದಿಕೆಗೆ ಸಿ.ಎ. ಮಾಡಿದವರು, ಎಂ.ಬಿ.ಬಿ.ಎಸ್. ಸೀಟು ಸಿಕ್ಕವರು ಬೇಕು. ನೀಟ್ ಬರೆದು ಪರಳ್‌ನ ಪಶುವೈದ್ಯ ಕಾಲೇಜು ಸೇರಿದ ಹುಡುಗಿ ಮಾತ್ರ ನಮ್ಮವರ ಬಾಯಲ್ಲಿ ‘ದನದ ಡಾಕ್ಟ್ರು’. 1886ರಿಂದ ನಡೆಯುತ್ತಿರುವ ಕಾಲೇಜು ಅದು!

ಕಲಿಸಿದರೂ ಅವರು ಸಂಶೋಧನೆಯಲ್ಲಿ ನಿಲ್ಲುವುದಿಲ್ಲ, ಮುಂಬೈಯಲ್ಲಿ ನಾಯಿ-ಬೆಕ್ಕಿನ ಕ್ಲಿನಿಕ್ ತೆರೆಯುತ್ತಾರೆ ಇಲ್ಲವೇ ವಿದೇಶಕ್ಕೆ ಹಾರುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ಆಕ್ಷೇಪದಲ್ಲೇ ಇದೆ. ತಿಂಗಳಿಗೆ ಐದು ಸಾವಿರದಲ್ಲಿ ಬದಲಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುವುದೂ ಕಷ್ಟ. ತಳಿಶಾಸ್ತ್ರ ಓದಬೇಕಿದ್ದವರು ಕ್ಲಿನಿಕ್ಕಿನ ದಾರಿ ಹಿಡಿದರೆ ತಪ್ಪು ಅವರದಲ್ಲ, ನಿಲ್ಲಲು ನೆಲ ಕೊಡದವರದು. ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ದೇಸಿ ತಳಿಯ ಮೇಲೆ ಕೆಲಸ ಮಾಡುವ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಗೂ, ಕೇಂದ್ರದ ಶಿಷ್ಯವೇತನ ಬರಲಿ ಬಿಡಲಿ, ರಾಜ್ಯವೇ ಬದುಕಲು ಸಾಕಾಗುವಷ್ಟು ವೇತನ ಕೊಡಲಿ; ಗೋಶಾಲೆಯ ಸಹಾಯಧನ ಇರುವ ಬಜೆಟ್ಟಿನಲ್ಲೇ ಅದಕ್ಕೂ ಹಣ ಇಡಲಿ. ಸಹಾಯಧನ ಪಡೆಯುವ ಗೋಶಾಲೆಗಳು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದು, ರಕ್ತದ ಮಾದರಿಯನ್ನೂ ದಾಖಲೆಯನ್ನೂ ಕೊಡಲಿ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿ ತಳಿವಾರು ಎಣಿಕೆ ಇದೆ. ಅದರಲ್ಲಿ ಮುರ್ಬಾಡಿನ ಡಾಂಗಿ ಎಷ್ಟೆಂದು ತಿಳಿದ ದಿನ, ಏಕೆ ಅಷ್ಟೇ ಎಂದು ಕೇಳಿದರೆ ಹಳ್ಳಿಗಳಲ್ಲಿ ಓಡಾಡಿ ಕಂಡದ್ದನ್ನು ಇಟ್ಟುಕೊಂಡು ಉತ್ತರಿಸಬಲ್ಲ ಹತ್ತು ಜನ ಯುವ ಪಶುವೈದ್ಯರಾದರೂ ಈ ಜಿಲ್ಲೆಯಲ್ಲಿರಬೇಕು. ಅವರನ್ನು ಸೇರಿಸಿಕೊಳ್ಳಬೇಕಾದದ್ದು ಈ ವರ್ಷದ ಪ್ರವೇಶದಲ್ಲೇ.